ಅಕ್ಕಿಯ ಮೇಲೆ ಬರೆದ ಹೆಸರು

ಸತ್ತವರ ಕಾಗದ ಬೇಗ ಸಿಗುತ್ತದೆ. ಜಯದೇವಪ್ಪನವರು ತೀರಿಹೋದ ಹೆಂಡತಿಯ ಮರಣ ಪತ್ರವನ್ನು ಬೀರುವಿನಿಂದ ತೆಗೆದು, ಫೋಲ್ಡರಿಗೆ ಹಾಕಿ, ಮದುವೆ ನೋಂದಣಿ ಕಚೇರಿಯ ಮೇಜಿನ ಮೇಲಿಟ್ಟು ಆರಾಮಾಗಿ ಕೂತುಬಿಟ್ಟರು. ನಾನು ಬದುಕಿರುವ ಗಂಡನನ್ನು ಬಿಟ್ಟವಳು.

"ನಿಮ್ಮ ಡಿವೋರ್ಸ್ ಡಿಕ್ರಿ ಎಲ್ಲಿ ಮೇಡಂ?" ಎಂದಳು ಅಲ್ಲಿದ್ದ ಹುಡುಗಿ.

ಡಿಕ್ರಿ ಅಮ್ಮನ ಟ್ರಂಕಿನಲ್ಲಿತ್ತು. ಅಮ್ಮ ಹೋದ ಮೇಲೆ ಟ್ರಂಕಿಗೆ ಗೆದ್ದಲು ಹತ್ತಿ, ಒಳಗಿದ್ದದ್ದೆಲ್ಲ ಹಿಟ್ಟಾಗಿತ್ತು. ಹಾಗೆಂದೆ. "ಹಾಗಾದ್ರೆ ಕೋರ್ಟಿಂದ ಸರ್ಟಿಫೈಡ್ ಕಾಪಿ ತನ್ನಿ. ಅದಿಲ್ದೆ ಮದುವೆ ನೋಟಿಸ್ ತಗೊಳ್ಳಕ್ಕಾಗಲ್ಲ. ನೋಟಿಸ್ ಕೊಟ್ಟು ಮೂವತ್ತು ದಿನ ಕಾಯ್ಬೇಕು" ಎಂದಳು.

ಐವತ್ತನಾಲ್ಕರಲ್ಲಿ ಮದುವೆ ಯಾಕೆ ಎನ್ನುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲೂ ಒಂದೇ ಸಲ ಹೇಳುತ್ತೇನೆ. ಪದ್ಮನಾಭನಗರದಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವ ನನಗೂ, ಸರ್ವೆ ಇಲಾಖೆಯಿಂದ ನಿವೃತ್ತರಾದ ಇವರಿಗೂ ಯಡಿಯೂರು ಕೆರೆಯ ವಾಕಿಂಗಿನಲ್ಲಿ ನಾಲ್ಕು ವರ್ಷದ ಪರಿಚಯ. ಹೋದ ತಿಂಗಳು ಕೆರೆಯ ಏರಿಯ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸೇರಿಸಿದವಳು ನಾನೇ. ಅಲ್ಲಿ ನರ್ಸು, "ಪೇಷಂಟಿಗೆ ನೀವೇನಾಗ್ಬೇಕು?" ಎಂದಳು. ವಾಕಿಂಗಿನ ಪರಿಚಯ ಎಂದೆ. "ಹೊರಗೆ ಕೂತ್ಕೊಳಿ ಆಂಟಿ" ಎಂದಳು. ಎರಡು ತಿಂಗಳೊಳಗೆ ಬೈಪಾಸ್ ಆಗಲೇಬೇಕಂತೆ. ಆಪರೇಷನ್ನಿನ ದಿನ ಆ ಬಾಗಿಲ ಹೊರಗೆ ನಾನು ಮತ್ತೆ ಕೂರುವುದಿಲ್ಲ, ಅಷ್ಟೇ.

ಕುಟುಂಬ ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ ಶಂಭುಲಿಂಗಪ್ಪ ಎಂಬ ಗುಮಾಸ್ತರಿದ್ದರು. ವಿಜಯಪುರದ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಾರಂತೆ. ಕೇಸ್ ನಂಬರ್ ಗೊತ್ತಿಲ್ಲ, ವಕೀಲರು ತೀರಿಕೊಂಡಿದ್ದಾರೆ, ಇಸವಿ ತೊಂಬತ್ತೆಂಟು, ನನ್ನ ಹೆಸರು ವಾರಿಜಾ ಎಂದೆ; ಆ ಗಂಡನ ಹೆಸರು ಹೇಳಲಿಲ್ಲ.

"ಯಾತಕ್ಕ ಬೇಕಾಗಿತ್ರೀ ಕಾಪಿ?"

"ಪಾಸ್‌ಪೋರ್ಟಿಗೆ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಜಯದೇವಪ್ಪನವರು ಕೆಮ್ಮಿದರು.

ಆ ವರ್ಷದ ರಿಜಿಸ್ಟರುಗಳು ಕಂಪ್ಯೂಟರ್ ಬರುವ ಮೊದಲಿನವು. ಶಂಭುಲಿಂಗಪ್ಪ ಎರಡು ದಪ್ಪ ಪುಸ್ತಕ ತಂದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದರು. ಒಂದು ದಿನವಾಯಿತು, ಎರಡು ದಿನವಾಯಿತು. ಮೂರನೆಯ ದಿನ ತಲೆ ಎತ್ತಿ, "ಇಲ್ರೀ ಮೇಡಂ. ವಾರಿಜಾ ಅಂತ ಒಂದೂ ಇಲ್ಲ. ಡಿಕ್ರಿ ಆಗಿದ್ದು ಖರೇ ಏನ್ರೀ?" ಎಂದರು.

ಖರೇ ಎಂದು ನನಗೇ ಖಾತ್ರಿ ಇರಲಿಲ್ಲ. ಕೊನೆಯ ತಾರೀಕಿನಂದು ಜಡ್ಜ್ ಕೇಳಿದ್ದಕ್ಕೆ ಹ್ಞೂಂ ಎಂದು, ಯಾರ ಮುಖವನ್ನೂ ನೋಡದೆ ಓಡಿಬಂದಿದ್ದೆ. ಆಮೇಲೆ ಏನೋ ಒಂದು ಲಕೋಟೆ ಬಂತು, ಅಮ್ಮ ತೆಗೆದುಕೊಂಡಳು, ನಾನು ಬಿಡಿಸಿ ಓದಲಿಲ್ಲ. ಅದರಲ್ಲಿ ಡಿಕ್ರಿಯೇ ಇತ್ತೆಂದು ಇಪ್ಪತ್ತಾರು ವರ್ಷ ನಂಬಿಕೊಂಡು ಬಂದಿದ್ದೆ. ಇರದಿದ್ದರೆ? ನಾನು ಇವತ್ತಿಗೂ ಆ ಶ್ರೀಕರನ ಹೆಂಡತಿಯೇ!

"ಹೆಸರು ಬ್ಯಾರೆ ಏನಾರ ಇತ್ತೇನ್ರೀ?" ಶಂಭುಲಿಂಗಪ್ಪ ಕೇಳಿದರು.

"ಇಲ್ಲ."

ಉತ್ತರ ಎಷ್ಟು ಜೋರಾಗಿ ಬಂತೆಂದರೆ ಅವರು ಪುಸ್ತಕ ಮುಚ್ಚಿದರು.

ಹೊರಗೆ ಮರದ ಕೆಳಗೆ ಜಯದೇವಪ್ಪನವರು ಎಳನೀರು ಕೊಡಿಸಿದರು. ನನಗೆ ಕೋಪ ಬಂದಾಗ ಇವರು ಮಾತನಾಡಿಸುವುದಿಲ್ಲ, ಏನಾದರೂ ಕುಡಿಸುತ್ತಾರೆ. ಅರ್ಧ ಕುಡಿದವಳು, "ಸುಳ್ಳು ಹೇಳ್ಬಿಟ್ಟೆ ರೀ" ಎಂದೆ.

"ಪಾಸ್‌ಪೋರ್ಟ್ ವಿಷಯ ತಾನೆ? ಗೊತ್ತಾಯ್ತು."

"ಅದಲ್ಲ. ನಂಗೆ ಇನ್ನೊಂದು ಹೆಸರಿತ್ತು."

ಶ್ರೀಕರನ ಮನೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ. ಧಾರೆಯಾದ ಮೇಲೆ ತಟ್ಟೆಯ ತುಂಬ ಅಕ್ಕಿ ಹರಡಿ, ಉಂಗುರದಲ್ಲಿ ಹೊಸ ಹೆಸರು ಬರೆಸಿದರು. ಶ್ರೀಕರನ ಹೆಂಡತಿ ಲಕ್ಷ್ಮಿಯೇ ಆಗಿರಬೇಕಂತೆ, ಹಾಗಾಗಿ ವಿಜಯಲಕ್ಷ್ಮಿ. ಪಿಯುಸಿವರೆಗೂ ಕ್ಲಾಸಿಗೇ ಮೊದಲು ಬರುತ್ತಿದ್ದ ವಾರಿಜಾ ಒಂದು ಮಧ್ಯಾಹ್ನದಲ್ಲಿ ಇಲ್ಲವಾದಳು. ಹೆಸರಿನ ಮೇಲೇನೂ ದ್ವೇಷವಿರಲಿಲ್ಲ, ಚೆಂದದ ಹೆಸರೇ. ಆದರೆ ಆ ಮನೆಯಲ್ಲಿ ಯಾರೇ ಅದನ್ನು ಕೂಗಿದರೂ ಆಮೇಲೆ ಬರುತ್ತಿದ್ದದ್ದು ಬೈಗುಳ, ಕೆಲವೊಮ್ಮೆ ಕೈ. ನಾಲ್ಕು ವರ್ಷ ಸಹಿಸಿ ವಾಪಸು ಬಂದವಳು ಆ ಹೆಸರನ್ನು ಮತ್ತೆ ಬಾಯಿಗೆ ತಂದಿರಲಿಲ್ಲ. ವಕೀಲರು ಅರ್ಜಿಯಲ್ಲಿ ಏನು ಹಾಕಿದ್ದರೋ ನಾನು ನೋಡಿಯೂ ಇರಲಿಲ್ಲ.

"ಮದುವೆ ಆಗಿದ್ದು ಆ ಹೆಸರಲ್ಲಿ, ಮಾರ್ಕ್ಸ್ ಕಾರ್ಡ್ ಈ ಹೆಸರಲ್ಲಿ. ಇಬ್ಬರೂ ಒಬ್ಬಳೇ ಅಂತ ಹುಟ್ಟಿದಾಗಿಂದ ಬಲ್ಲವರು ಯಾರಾದ್ರೂ ಬಂದು ಪ್ರಮಾಣ ಮಾಡ್ಬೇಕು ಅಂದಿದ್ರು ವಕೀಲರು. ಅಮ್ಮನ್ನ ಕರೆದೆ. ಸಾಯ್ತೀನಿ ಹೊರತು ಆ ಮೆಟ್ಟಿಲು ಹತ್ತಲ್ಲ ಅಂದ್ಳು. ಬೀದಿಗೆಲ್ಲ ಅಳಿಯ ಮಸ್ಕತ್ತಲ್ಲಿದಾನೆ ಅಂತ ಹೇಳ್ಕೊಂಡು ತಿರುಗ್ತಿದ್ಳಲ್ಲ, ಎಲ್ಲಿ ಬರ್ತಾಳೆ! ಆಮೇಲೆ ವಕೀಲರೇ, ಅದು ಸರಿಹೋಯ್ತು ಬಿಡಮ್ಮ ಅಂದ್ರು. ಹೇಗೋ ಏನೋ."

ಅಮ್ಮನ ಮೇಲಿನ ಆ ಸಿಟ್ಟು ಅವಳು ಸಾಯುವವರೆಗೂ ನನ್ನಿಂದ ಹೋಗಲಿಲ್ಲ. ಆ ವರ್ಷ ನನ್ನ ಹುಟ್ಟುಹಬ್ಬದ ದಿನವೇ, ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರ್ತೀನಿ ಎಂದು ಹೋದವಳು ಸಂಜೆಯಾದರೂ ಬರಲಿಲ್ಲ. ಬಂದಾಗ ಕಾಲು ಊದಿತ್ತು, ಕೈಯಲ್ಲಿ ಕುಂಕುಮವೂ ಇಲ್ಲ, ಹೂವೂ ಇಲ್ಲ. "ಪ್ರಸಾದ ಎಲ್ಲಿ?" ಎಂದರೆ "ಮರೆತೆ" ಎಂದಳು. "ಮಗಳ ಜೊತೆ ಕೋರ್ಟಿಗೆ ಬರೋಕೆ ಮರ್ಯಾದೆ ಅಡ್ಡ, ಊರು ಸುತ್ತೋಕೆ ಏನೂ ಇಲ್ಲ" ಎಂದು ಕೂಗಾಡಿದ್ದೆ. ಅಮ್ಮ ಒಲೆಯ ಮೇಲೆ ಬಿಸಿನೀರಿಟ್ಟುಕೊಂಡಳು.

"ಮೇಷ್ಟ್ರಮ್ಮಾ, ಹೆಸರು ತಾನೆ? ಹೇಳ್ಬಿಡಿ. ನಾನು ಯಾವತ್ತೂ ಆ ಹೆಸರಲ್ಲಿ ಕರೆಯಲ್ಲ" ಎಂದರು ಜಯದೇವಪ್ಪನವರು. ಎಳನೀರಿನ ಬುರುಡೆಯನ್ನು ಅವರ ಕೈಗೆ ಕೊಟ್ಟು ಎದ್ದೆ.

ಶಂಭುಲಿಂಗಪ್ಪ ಊಟದ ಡಬ್ಬಿ ತೆರೆಯುವುದರಲ್ಲಿದ್ದರು. "ವಿಜಯಲಕ್ಷ್ಮಿ" ಎಂದೆ. "ವಿಜಯಲಕ್ಷ್ಮಿ, ಶ್ರೀಕರ. ನೋಡಿ."

ಬೈಯುತ್ತಾರೇನೋ ಎಂದುಕೊಂಡಿದ್ದೆ. ಅವರು ಡಬ್ಬಿ ಮುಚ್ಚಿಟ್ಟು ರಿಜಿಸ್ಟರ್ ಎಳೆದುಕೊಂಡರು. "ಭಾಳ ಮಂದಿ ಹಿಂಗ ಮಾಡ್ತಾರ್ರೀ. ಬ್ಯಾಡಾದ ಹೆಸರು ಬಾಯಿಗೆ ಬರಂಗಿಲ್ಲ" ಎಂದರು ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ನಂಬರ್ ಸಿಕ್ಕಿತು.

ಕಡತ ಬಂದದ್ದು ಮಾರನೆಯ ದಿನ. ಬಟ್ಟೆಯ ಗಂಟಿನಿಂದ ತೆಗೆದು ಧೂಳು ಹೊಡೆದು ನನ್ನ ಮುಂದಿಟ್ಟರು. ಮೇಲೆಯೇ ಡಿಕ್ರಿ ಇತ್ತು. ಮೊಹರು, ತಾರೀಕು, ಸಹಿ, ವಿವಾಹ ವಿಚ್ಛೇದನ ಆಗಿದೆ ಎಂಬ ಸಾಲು, ಎಲ್ಲ. ಮೂರು ಸಲ ಓದಿದೆ. ಅಬ್ಬಾ ಎಂದು ಬೆಂಚಿಗೆ ಒರಗಿದೆ.

ಆದರೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಡಿಕ್ರಿಯ ಉದ್ದಕ್ಕೂ ವಿಜಯಲಕ್ಷ್ಮಿ. ನನ್ನ ಆಧಾರ್, ಪ್ಯಾನ್, ಎಲ್ಲವೂ ವಾರಿಜಾ. ನೋಂದಣಿ ಕಚೇರಿಯವರು ಇವಳು ನೀವೇ ಎನ್ನುವುದಕ್ಕೆ ಏನು ಸಾಕ್ಷಿ ಎಂದರೆ? ನನ್ನನ್ನು ಹುಟ್ಟಿದಾಗಿನಿಂದ ಬಲ್ಲವರು ಈಗ ಯಾರಿದ್ದಾರೆ? ಅಮ್ಮ ಬದುಕಿದ್ದಾಗಲೇ ಬರಲಿಲ್ಲ.

"ಪುಟ ತಿರುವ್ರೀ" ಎಂದರು ಶಂಭುಲಿಂಗಪ್ಪ. "ಬ್ಯಾರೆ ಕಾಗದ ಎಲ್ಲಾ ಯಾವಾಗೋ ತೆಗೆದುಬಿಟ್ಟಾರ. ಇದೊಂದು ಡಿಕ್ರಿ ಜೋಡಿ ಸೇರಿಸಿ ಹೊಲ್ದಾರ, ಉಳಕೊಂಡದ."

ಅದೊಂದು ಪ್ರಮಾಣಪತ್ರ. ವಿಜಯಲಕ್ಷ್ಮಿ ಎಂದು ಕರೆಯಲಾಗುವ ಅರ್ಜಿದಾರಳು ನನ್ನ ಮಗಳು ವಾರಿಜಾಳೇ ಆಗಿದ್ದಾಳೆಂದು ಸತ್ಯವಾಗಿ ಪ್ರಮಾಣ ಮಾಡುತ್ತೇನೆ, ಎಂದು ವಕೀಲರ ಟೈಪಿನಲ್ಲಿ. ಅದರ ಕೆಳಗೆ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ದಪ್ಪ ದಪ್ಪ ಅಕ್ಷರ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಬರೆದದ್ದು:

"ಹೆತ್ತು ಹೆಸರಿಟ್ಟವಳು ನಾನು. ಅವಳು ವಾರಿಜಾ."

ಕೆಳಗೆ ಸಹಿ. ಗಿರಿಜಾದೇವಿ. ನನ್ನ ಅಮ್ಮ. ಪಕ್ಕದಲ್ಲಿ ತಾರೀಕು: ೧೭-೭-೧೯೯೮. ಶುಕ್ರವಾರ. ನನ್ನ ಹುಟ್ಟುಹಬ್ಬ.

ಪ್ರಸಾದ ಎಲ್ಲಿ ಎಂದು ಕೂಗಾಡಿದ್ದೆನಲ್ಲ, ದೇವರೇ. ಅವಳು ಒಬ್ಬಳೇ ಬಸ್ಸು ಹುಡುಕಿಕೊಂಡು, ಹತ್ತಲ್ಲ ಎಂದಿದ್ದ ಮೆಟ್ಟಿಲು ಹತ್ತಿ, ಈ ಕಟ್ಟಡದಲ್ಲಿ ಸಂಜೆಯವರೆಗೆ ಕಾದು ಬಂದಿದ್ದಳು. ಬೀದಿಗೆ ಮಸ್ಕತ್ತು, ಜಡ್ಜ್ ಎದುರಿಗೆ ನಿಜ. ಹೇಳಬಾರದಿತ್ತಾ ನನಗೊಂದು ಮಾತು? ಹೇಳುವುದಕ್ಕೆ ನಾನು ಬಿಟ್ಟಿದ್ದೆನಾ? ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಶಂಭುಲಿಂಗಪ್ಪ ಫ್ಯಾನ್ ನನ್ನ ಕಡೆ ತಿರುಗಿಸಿ, ಒಂದು ಲೋಟ ನೀರಿಟ್ಟು, ಬೇರೆ ಯಾವುದೋ ಪುಸ್ತಕ ನೋಡತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ, "ಎರಡೂ ಕಾಪಿ ತಗೋರಿ. ನಿಮ್ಮ ತಾಯಿ ಕಾಗದ ಇದ್ರ ಯಾವ ಆಫೀಸಿನ್ಯಾಗೂ ಹೆಸರಿನ ತಕರಾರು ತೆಗಿಯಂಗಿಲ್ಲ" ಎಂದು ಅರ್ಜಿ ನಮೂನೆ ಮುಂದಿಟ್ಟರು.

ಅರ್ಜಿದಾರರ ಹೆಸರು ಎಂಬಲ್ಲಿ ವಾರಿಜಾ ಎಂದು ಬರೆದೆ. ತಾಯಿಯ ಹೆಸರು ಅದರಲ್ಲಿ ಕೇಳಿರಲಿಲ್ಲ. ಪಕ್ಕದಲ್ಲಿ ಜಾಗವಿತ್ತು, 'ಗಿರಿಜಾದೇವಿಯ ಮಗಳು' ಎಂದು ಸೇರಿಸಿದೆ. ಕೊನೆಯಲ್ಲಿ, ನಕಲು ಯಾವ ಉದ್ದೇಶಕ್ಕೆ ಎಂಬ ಸಾಲಿತ್ತು. ಶಂಭುಲಿಂಗಪ್ಪ ತಾವೇ ನೆನಪಿಸಿದರು: "ಪಾಸ್‌ಪೋರ್ಟ್ ಅಂತ ಬರೀರಿ."

"ಇಲ್ಲ ಸಾರ್" ಎಂದೆ. ಬಾಗಿಲಲ್ಲಿ ನಿಂತಿದ್ದ ಜಯದೇವಪ್ಪನವರನ್ನು ಒಂದು ಸಲ ನೋಡಿ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡದಾಗಿ, ಮದುವೆಗೆ ಎಂದು ಬರೆದೆ.