ನೆರಳಿಗೆ ಇಡದ ಪೆಟ್ಟಿಗೆ

ಮಾಳಸಿದ್ದ ಬಿದಿರ ಕೋಲಿನಿಂದ ಪೆಟ್ಟಿಗೆಯನ್ನು ತಳ್ಳುತ್ತಿದ್ದ. ಸಣ್ಣ ಟ್ರಂಕಿನಷ್ಟಿದ್ದ ನೀಲಿ ಐಸ್ ಪೆಟ್ಟಿಗೆ ಕೋಲ್ಡ್ ಸ್ಟೋರೇಜಿನ ಸಿಮೆಂಟು ನೆಲದ ಮೇಲೆ ಜಾರಿ, ಹೊಸ್ತಿಲಿಗೆ ಬಡಿದು ನಿಂತಿತು. ಒಳಗೆ ಗಾಜಿಗೆ ಗಾಜು ತಾಗಿದ ಸದ್ದಾಯಿತು. ಬಾಗಿಲಾಚೆ ನಿಂತಿದ್ದ ಹಮಾಲರು ಹಿಂದೆ ಸರಿದರು.

"ಒಳಗ ಹಾವ ಐತೇನಲೇ ಮಾಳ್ಯಾ, ಕೋಲ ಹಿಡದಿ?" ಎಂದ ಅವರಲ್ಲೊಬ್ಬ. ಉಳಿದವರು ನಕ್ಕರು.

"ನೂಕಲೇ. ಕೈಲೆ ಮುಟ್ಟಬ್ಯಾಡ," ಎಂದ ವಿರುಪಾಕ್ಷಪ್ಪ. ಐಗಳಿ ರಸ್ತೆಯ ಆ ಕೋಲ್ಡ್ ಸ್ಟೋರೇಜು ಅವನದು. ಮಾಳಸಿದ್ದ ಅವನ ಲಾರಿಯ ಡ್ರೈವರು.

ಪೆಟ್ಟಿಗೆ ಹೊಸ್ತಿಲು ದಾಟಿ ಅಂಗಳಕ್ಕೆ ಬಿತ್ತು. ಮಾಳಸಿದ್ದ ಕೋಲು ಊರಿ ನಿಂತ.

"ಬಿಸಲ ಭಾಳ ಐತ್ರಿ ಸಾವ್ಕಾರ್ರ. ಬೇವಿನ ಗಿಡದ ಬುಡಕ ಇಡ್ಲೇನ್ರಿ?"

"ಗಿಡದ ಬುಡಕ ಮಂದಿ ಕುಂಡ್ರತಾರ. ಅಲ್ಲೇ ಬಿಡು."

ಪೆಟ್ಟಿಗೆ ಸರ್ಕಾರಿ ದವಾಖಾನೆಯದು. ರಕ್ತ ತಪಾಸಣೆ ಮಾಡುವ ಲಕ್ಷ್ಮಿಬಾಯಿ ಆ ವಾರದ ಮೊದಲಲ್ಲಿ ಅದನ್ನು ತಂದಿಟ್ಟು ಹೋಗಿದ್ದಳು. ಹೊರದೇಶದ ನೆರವಿನಿಂದ ದವಾಖಾನೆಗೊಂದು ದೊಡ್ಡ ಫ್ರಿಜ್ಜು ಬಂದಿತ್ತು. ಒಂದು ಸಂಜೆ ಕರೆಂಟು ಏರುಪೇರಾಗಿ ಅದು ಸುಟ್ಟಿತು. ರಿಪೇರಿ ಮಾಡುವವನು ಮುಂಬಯಿಯಿಂದಲೇ ಬರಬೇಕಿತ್ತು. ಬಸುರಿಯರಿಂದ ತೆಗೆದ ರಕ್ತದ ಸೀಸೆಗಳು ವಾರದ ಕೊನೆಗೆ ಬೆಳಗಾವಿಯ ಲ್ಯಾಬಿಗೆ ಹೋಗುವ ತನಕ ತಂಪಿನಲ್ಲಿರಬೇಕು ಎಂದು ಅವಳು ಕೇಳಿಕೊಂಡಿದ್ದಳು. ಹಿಂದಿನ ಚಳಿಗಾಲದಲ್ಲಿ ಪೋಲಿಯೊ ಲಸಿಕೆಯನ್ನು ಈ ಕೋಲ್ಡ್ ಸ್ಟೋರೇಜಿನಲ್ಲೇ ಇಟ್ಟಾಗ ಊರು ವಿರುಪಾಕ್ಷಪ್ಪನನ್ನು ಹೊಗಳಿತ್ತು. ಅದೇ ಗುಂಗಿನಲ್ಲಿ ಅವನು ಹೂಂ ಎಂದಿದ್ದ. ಯಾವ ತಪಾಸಣೆಗೆ ಎಂದು ಕೇಳಿರಲಿಲ್ಲ. ಇಂದು ಬೆಳಿಗ್ಗೆ ಒಣದ್ರಾಕ್ಷಿ ಕೊಳ್ಳಲು ಬಂದ ಸಾಂಗಲಿಯ ವ್ಯಾಪಾರಿ ಅವನನ್ನು ಪಕ್ಕಕ್ಕೆ ಕರೆದು, ಇಲ್ಲಿ ಏಡ್ಸಿನ ರಕ್ತ ಇಟ್ಟಿದ್ದೀರಂತೆ, ನಿಜವೇ ಎಂದು ಮರಾಠಿಯಲ್ಲಿ ಮೆಲ್ಲಗೆ ವಿಚಾರಿಸಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಕ್ಷ್ಮಿಬಾಯಿ ಬಂದಳು. ಅಂಗಳದಲ್ಲೇ ಮಂಡಿಯೂರಿ ಮುಚ್ಚಳ ತೆಗೆದಳು. ಐಸು ಬೆಚ್ಚನೆ ನೀರಾಗಿತ್ತು. ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒಳಗಿಟ್ಟಳು.

"ಹೇಳಿ ಕಳಿಸಿದ್ರ ನಾನ ಬಂದ ಒಯ್ತಿದ್ನೆಲ್ರಿ ಸಾವ್ಕಾರ್ರ."

"ಇದು ಆ ರೋಗದ ರಕ್ತ ಅಂತ ನೀವರ ಹೇಳಿದ್ರೇನು?"

"ರೋಗದ ರಕ್ತ ಅಲ್ರಿ. ಬಸಿರ ಹೆಣ್ಮಕ್ಕಳದು. ನಮ್ಮ ಕಡೆ ರೋಗ ಎಷ್ಟ ಹಬ್ಬೇತಿ ಅಂತ ನೋಡಾಕ. ಹೆಸರ ತಗದ ಕಳಸ್ತೀವಿ, ಯಾರದು ಅಂತ ಯಾರಿಗೂ ತಿಳಿಯೂದಿಲ್ಲ."

"ಅದಕ್ಕ ಅಂಜಿಕಿ ನೋಡ್ರಿ. ಹೆಸರ ಇದ್ರ ಒಬ್ಬಾಕಿದು. ಹೆಸರ ಇಲ್ಲಂದ್ರ ಊರ ಮಂದೀದೆಲ್ಲಾ."

"ಮುಚ್ಚಳ ಗಟ್ಟಿ ಅದಾವ್ರಿ. ನಿಮ್ಮ ದ್ರಾಕ್ಷಿಗೆ ಏನೂ ಆಗೂದಿಲ್ಲ."

"ನನಗ ತಿಳದ್ರ ಸಾಕೇನು ಬಾಯಾರ? ಸಾಂಗಲಿ ಪ್ಯಾಟಿಗೆ ತಿಳೀಬೇಕಲ್ಲ. ರೈತರು ವರ್ಷದ ದುಡಿಮಿ ತಂದ ಇಲ್ಲಿಟ್ಟಾರ. ವ್ಯಾಪಾರಿ ಹೊಳ್ಳಿ ಹೋದ್ರ ನಿಮ್ಮ ಹೊರದೇಶದವ್ರು ಬಂದ ಕೊಳ್ತಾರೇನು?"

ಲಕ್ಷ್ಮಿಬಾಯಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಇವು ಕೆಟ್ಟಾವ್ರಿ," ಎಂದಳು. "ನಮ್ಮ ತಾಲೂಕಿನ ಲೆಕ್ಕ ಈ ಸಲ ಹೋಗೂದಿಲ್ಲ. ಲೆಕ್ಕ ಹೋಗಲಿಲ್ಲಂದ್ರ, ರಕ್ತ ನೋಡಿ ಇಲ್ಲೇ ರೋಗ ಹೇಳೂ ತಪಾಸಣಿ ಯಂತ್ರ ನಮ್ಮ ದವಾಖಾನಿಗೆ ಬರೂದಿಲ್ಲ."

ಪೆಟ್ಟಿಗೆಯನ್ನು ಸೊಂಟಕ್ಕೇರಿಸಿಕೊಳ್ಳುವಾಗ ಅವಳು ತುಸು ವಾಲಿದಳು. ಮಾಳಸಿದ್ದ ಒಂದು ಹೆಜ್ಜೆ ಮುಂದಿಟ್ಟ. ವಿರುಪಾಕ್ಷಪ್ಪ ಕೆಮ್ಮಿದ. ಮಾಳಸಿದ್ದ ಅಲ್ಲೇ ನಿಂತುಬಿಟ್ಟ.

ಆ ವರ್ಷ ಅಧಿಕಾರಿಗಳ ರೋಗದ ನಕ್ಷೆಯಲ್ಲಿ ಅವರ ತಾಲೂಕು ಖಾಲಿ ಉಳಿಯಿತು. ಖಾಲಿ ಎಂದರೆ ಇಲ್ಲ ಎಂದು ಜನ ತಿಳಿದರು. ವಿರುಪಾಕ್ಷಪ್ಪ ಕೂಡ ಚಾದ ಅಂಗಡಿಯಲ್ಲಿ ಕೂತು, ನಮ್ಮ ಕಡೆ ಅಂಥಾದ್ದೇನೂ ಇಲ್ಲ ಎಂದು ಹೇಳುತ್ತಿದ್ದ. ಹೇಳಿ ಹೇಳಿ ಅದನ್ನು ನಂಬಿದ. ಯಂತ್ರ ಬೇರೆ ತಾಲೂಕಿಗೆ ಹೋಯಿತು.

ಮಾಳಸಿದ್ದ ಮೊದಲು ಸೊರಗಿದ. ಆಮೇಲೆ ಜ್ವರ ಬಿಡದಾಯಿತು. ದ್ರಾಕ್ಷಿ ಹೇರಿಕೊಂಡು ಮುಂಬಯಿ ತನಕ ಒಂದೇ ಓಟದಲ್ಲಿ ಹೋಗುತ್ತಿದ್ದವನಿಗೆ ಊರ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಲು ಆಗದಾದಾಗ ವಿರುಪಾಕ್ಷಪ್ಪ ಲಾರಿಯ ಕೀಲಿ ಇಸಿದುಕೊಂಡು ಅವನನ್ನು ವಾಚಮನ್ ಮಾಡಿದ. ಅದೇ ಬೇವಿನ ಮರದ ಕೆಳಗೆ ಅವನು ಕಂಬಳಿ ಹೊದ್ದು ಕೂತಿರುತ್ತಿದ್ದ. ಮೀರಜದ ದೊಡ್ಡ ದವಾಖಾನೆಗೆ ಹೋಗಿ ತೋರಿಸು ಎಂದರೆ ಬಸ್ ಸ್ಟ್ಯಾಂಡಿನ ತನಕ ಹೋಗಿ ಬರುತ್ತಿದ್ದ. "ಆ ದವಾಖಾನಿ ಮುಂದ ನಮ್ಮೂರ ಮಂದೀನ ಇರ್ತಾರ್ರಿ," ಎನ್ನುತ್ತಿದ್ದ. ಕೊನೆಗೆ ಲಾರಿಯಲ್ಲೇ ಮಲಗಿಸಿ ಒಯ್ದಾಗ ಅಲ್ಲಿಯ ಡಾಕ್ಟರರು ರೋಗದ ಹೆಸರು ಹೇಳಲು ತಡಮಾಡಲಿಲ್ಲ. ಅವನ ಹೆಂಡತಿ ಸತ್ತೆವ್ವನಿಗೂ ಅದೇ ಎಂದರು.

ವಿರುಪಾಕ್ಷಪ್ಪ ನೋಡಲು ಹೋದಾಗ ಮಾಳಸಿದ್ದ ಕುರಿಹಟ್ಟಿಯ ಪಕ್ಕದ ಮನೆಯಲ್ಲಿ ಗೋಡೆಗೊರಗಿ ಕೂತಿದ್ದ. ಸತ್ತೆವ್ವ ಮಗುವನ್ನೆತ್ತಿಕೊಂಡು ಒಳಗೆ ಹೋದಳು.

"ಅವತ್ತಿನ ಪೆಟ್ಟಿಗಿ ನೆನಪೈತೇನ್ರಿ ಸಾವ್ಕಾರ್ರ?" ಎಂದ ಮಾಳಸಿದ್ದ. "ನಮ್ಮಾಕಿ ರಕ್ತಾನೂ ಇತ್ರಿ ಅದ್ರಾಗ. ಬಸರಿದ್ಲು. ಅದ ವಾರ ತಗೊಂಡಿದ್ರು."

"ಮತ್ತ ಅವತ್ತ ಯಾಕ ಹೇಳ್ಲಿಲ್ಲೋ?"

"ಹೇಳಿದ್ರ ನನಗೂ ಕೋಲ ಹಚ್ಚತಿದ್ರಿ." ಅವನು ನಕ್ಕ; ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದ: "ಆ ಪೆಟ್ಟಿಗಿ ನನಗೇನ ಹೇಳತಿರಲಿಲ್ರಿ, ಅದು ತಿಳೀತೈತಿ. ಆದ್ರ ಯಂತ್ರ ನಮ್ಮೂರ ದವಾಖಾನಿಗೆ ಬಂದಿದ್ರ, ಹಲ್ಲ ತೋರ್ಸಾಕ ಹೊಂಟೀನಿ ಅಂತ ಹೇಳಿ ಒಳಗ ಹೋಗಿ ಬರ್ತಿದ್ದೆ. ರೋಗದ ಸಂಶೆ ನನಗ ಆಗಿಂದನೂ ಇತ್ತು."

ಹೊರಗೆ ಕುರಿಗಳು ಕೂಗುತ್ತಿದ್ದವು. ವಿರುಪಾಕ್ಷಪ್ಪ ಎದ್ದು ಬಂದ. ಮಾಳಸಿದ್ದ ಸಂಕ್ರಾಂತಿ ಕಾಣಲಿಲ್ಲ.

ಬೇಸಿಗೆಗೆ ರಕ್ತ ಸಂಗ್ರಹ ಮತ್ತೆ ಶುರುವಾಯಿತು. ಫ್ರಿಜ್ಜು ಇನ್ನೂ ಕೆಟ್ಟೇ ಇತ್ತು. ನರ್ಸುಗಳು ಅದರಲ್ಲಿ ಅರಿವೆ ಪಟ್ಟಿಗಳನ್ನು ತುಂಬಿಟ್ಟಿದ್ದರು. ಲಕ್ಷ್ಮಿಬಾಯಿ ಪೆಟ್ಟಿಗೆಯಲ್ಲಿ ಐಸು ತುಂಬಿ, ಬೆಳಗಾವಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಿದ್ದಳು. ಒಂದು ದಿನ ವಿರುಪಾಕ್ಷಪ್ಪ ಬಸ್ ಸ್ಟ್ಯಾಂಡಿಗೆ ಬಂದ.

"ಬಾಯಾರ, ನಮ್ಮ ಸ್ಟೋರೇಜಿನಾಗ ಒಂದ ಖೋಲಿ ಖಾಲಿ ಮಾಡಿಸೀನಿ. ಕೀಲಿ ನಿಮ್ಮ ಕಡೇನ ಇರ್ಲಿ."

"ವ್ಯಾಪಾರಿಗಳು?"

"ಅಲ್ಲಿ ಏನ ಇಡ್ತಾರ ಅಂತ ಅವ್ರಿಗೆ ಹೇಳೀನಿ. ಸಾಂಗಲಿಯವ ಹೋದ. ಹೋಗ್ಲಿ."

ಲಕ್ಷ್ಮಿಬಾಯಿ ಅವನ ಅಂಗೈಯಲ್ಲಿದ್ದ ಕೀಲಿ ನೋಡಿದಳು. "ಈಗ ಅದರ ಗರಜ ಇಲ್ರಿ. ಅವತ್ತಿಂದು ಅವತ್ತ ಒಯ್ತೀನಿ."

"ನನ್ನ ಜೀಪ ಐತಿ. ಬೆಳಗಾವಿತನಕ ಬಿಟ್ಟ ಬರ್ತೀನಿ."

"ಬಸ್ಸ ಬಂತ್ರಿ."

ಬಸ್ಸು ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುಗಿಬಿದ್ದರು. ಎರಡೂ ಕೈಯಲ್ಲಿ ಪೆಟ್ಟಿಗೆ ತಬ್ಬಿದ್ದ ಲಕ್ಷ್ಮಿಬಾಯಿಗೆ ಬಾಗಿಲ ಸರಳು ಹಿಡಿಯಲಾಗಲಿಲ್ಲ. ಮೊದಲ ಮೆಟ್ಟಿಲಲ್ಲಿ ಅವಳು ತಡವರಿಸಿದಳು. ವಿರುಪಾಕ್ಷಪ್ಪ ಕೀಲಿಯನ್ನು ಜೇಬಿಗೆ ಹಾಕಿ ಜನರ ನಡುವೆ ನುಗ್ಗಿ ಬಂದು ಬರಿಗೈಗಳೆರಡನ್ನೂ ಚಾಚಿದ.

"ಕೊಡ್ರಿ ಇಲ್ಲಿ. ನೀವು ಹತ್ತೂತನಕ ನಾ ಹಿಡೀತೀನಿ."

ಅವಳು ತಿರುಗಿ ಆ ಕೈಗಳನ್ನು ನೋಡಿದಳು. ಪೆಟ್ಟಿಗೆಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

"ಬ್ಯಾಡ್ರಿ," ಎಂದಳು.