ಕೊನೆಯ ನೀರು

ಮಾರಿಯಮ್ಮಾಳ್ ಗಂಡ ಚಿನ್ನತಂಬಿಯ ಹೆಣದ ತಲೆಯ ಬಳಿಯಿಂದ ಥಟ್ಟನೆ ಎದ್ದು ನಿಂತಾಗ ಸುತ್ತ ಕೂತು ಅಳುತ್ತಿದ್ದ ಹೆಂಗಸರ ದನಿ ಅರ್ಧಕ್ಕೇ ನಿಂತಿತು.

"ಎಲ್ಲಿಗಕ್ಕಾ? ಹೆಣ ಎತ್ತೋ ಮುಂಚೆ ನೀ ಏಳಬಾರ್ದು, ಕೂತ್ಕೊ," ಎಂದು ಪಕ್ಕದ ಮನೆಯ ವೆಳ್ಳೈಯಮ್ಮಾಳ್ ಸೆರಗು ಹಿಡಿದಳು.

"ಮೋಟರ್ ಓಡ್ತಾ ಅದೆ."

"ಓಡ್ಲಿ ಬಿಡು. ಹೆಣ ಮೀಸೋ ನೀರಿಗೆ ಹಾಕಿದ್ರು."

"ಮೀಸಿ ಒಂದ್ ಗಂಟೆ ಆತು."

ಸೆರಗು ಬಿಡಿಸಿಕೊಂಡು ಅವಳು ಹಿತ್ತಿಲ ಕಡೆ ಹೊರಟೇಬಿಟ್ಟಳು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ತಮಟೆಯವರು ಕೈ ತಡೆದರು. ವೇದಸಂದೂರಿನ ಸುತ್ತಲ ಆ ಹತ್ತೂರಲ್ಲಿ, ಗಂಡನ ಹೆಣ ಬಿಟ್ಟು ಹೊಲಕ್ಕೆ ಹೋದ ಹೆಂಗಸನ್ನು ಅವರ್‍ಯಾರೂ ಕಂಡವರಲ್ಲ.

ಮನೆಯ ಹಿಂದೆಯೇ ಒಂದೂವರೆ ಎಕರೆ ಸಾಂಬಾರ್ ಈರುಳ್ಳಿ. ಆಗಲೇ ನಾಲ್ಕು ಸಾಲಿಗೆ ನೀರು ಹರಿದಿತ್ತು. ಕಾಲುವೆಯ ಬಾಯಲ್ಲಿ ಯೂರಿಯಾದ ಬಿಳಿ ಹರಳು ಕರಗುತ್ತಿತ್ತು. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲೇ ಗುದ್ದಲಿ ಹಿಡಿದು ನಿಂತವನು ಸತೀಶ್‌ಕುಮಾರ್, ಮೈದುನನ ಮಗ. ಮಕ್ಕಳಿಲ್ಲದ ದೊಡ್ಡಪ್ಪನಿಗೆ ಇವತ್ತು ಕೊಳ್ಳಿ ಇಡಬೇಕಾದವನು ಅವನೇ. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ.

"ದೊಡ್ಡವ್ವಾ! ನೀ ಯಾಕ್ ಬಂದೆ ಇಲ್ಲಿ?"

"ನಿಲ್ಸು."

"ಇನ್ನು ಮೂರ್ ದಿನ ಯಾರೂ ಹೊಲಕ್ಕೆ ಇಳಿಯಂಗಿಲ್ಲ. ಅಷ್ಟ್ರಲ್ಲಿ ಎಲ್ಲ ಬಾಡೋಗ್ತದೆ. ಬರೋ ವಾರ ವ್ಯಾಪಾರಿ ಬರ್ತಾನೆ. ಇದೊಂದ್ ನೀರು, ಇದೊಂದ್ ಕೈ ಯೂರಿಯಾ. ಗೆಡ್ಡೆ ದಪ್ಪ ಆಗ್ತದೆ, ತೂಕ ಬರ್ತದೆ. ನಿನಗೇ ಒಳ್ಳೇದು."

"ಬಾಡ್ಲಿ ಅಂತಾನೇ ನಿಮ್ ದೊಡ್ಡಪ್ಪ ನೀರು ನಿಲ್ಸಿದ್ದು. ಒಂಬತ್ತು ದಿನ ಆತು. ಇದು ವ್ಯಾಪಾರಿಗಲ್ಲ, ಬೀಜಕ್ಕೆ."

"ಯಾರಿಗೆ?"

ಅವಳು ಸ್ವಿಚ್ಚಿನ ಪೆಟ್ಟಿಗೆಯತ್ತ ನಡೆದಳು. ಸತೀಶ್ ಅಡ್ಡ ಬಂದ. "ಕೊಳ್ಳಿ ಇಡೋನು ನಾನು. ನನ್ ಮಾತಿಗೆ ಬೆಲೆ ಇಲ್ವಾ?"

"ಕೊಳ್ಳಿ ಇಡಪ್ಪಾ," ಎಂದಳು ಮಾರಿಯಮ್ಮಾಳ್. "ನೀರು ಬೇಡ."

ಮೋಟರ್ ನಿಂತಿತು.

*

ಎಂಟು ವರ್ಷದ ಹಿಂದೆ ಇದೇ ಹೊಲದಲ್ಲಿ ಚಿನ್ನತಂಬಿ ಕಿತ್ತ ಈರುಳ್ಳಿ ನೋಡಲು ಜನ ಸೈಕಲ್ ನಿಲ್ಲಿಸುತ್ತಿದ್ದರು. ಒಂದೊಂದು ಗೆಡ್ಡೆಯೂ ಬೆಟ್ಟದ ನೆಲ್ಲಿಯಷ್ಟು ದಪ್ಪ. ನೆಟ್ಟು ಐವತ್ತು ದಿನ ದಾಟಿದ ಮೇಲೂ ಯೂರಿಯಾ ಎರಚಿದ್ದ, ಕೀಳುವ ಹಿಂದಿನ ದಿನದವರೆಗೂ ನೀರು ಹಾಯಿಸಿದ್ದ. "ಸಾಕಲ್ವಾ?" ಎಂದು ಮಾರಿಯಮ್ಮಾಳ್ ಒಮ್ಮೆ ಕೇಳಿದ್ದಳು. "ನೀ ಮಡಿಗೆ ನೀರು ಬಿಡು," ಎಂದಿದ್ದ. ಬಿಟ್ಟಿದ್ದಳು.

ಅದರಲ್ಲೇ ಇಪ್ಪತ್ತು ಮೂಟೆ ಆರಿಸಿ ಆಂಡಿಪಟ್ಟಿಯಲ್ಲಿದ್ದ ತಂಗಿ ದೈವಾನೈಗೆ ಬಿತ್ತನೆಗೆಂದು ಕಳಿಸಿದ. ಅವಳದು ಮಳೆ ನಂಬಿದ ಭೂಮಿ. ತಟ್ಟಿಯ ಗೂಡಲ್ಲಿ ಹರವಿಟ್ಟು ಮಳೆಗೆ ಕಾದಳು. ತಿಂಗಳು ತುಂಬುವುದರೊಳಗೆ ಗೂಡಿನಿಂದ ಕೊಳೆತ ಗೆಡ್ಡೆಯ ನೀರು ಸೋರತೊಡಗಿತು. ನಾತಕ್ಕೆ ನಾಯಿ ಕೂಡ ಹತ್ತಿರ ಬರಲಿಲ್ಲ. ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ನೆಡಲು ಒಂದು ಬೊಗಸೆ ಉಳಿದಿರಲಿಲ್ಲ.

ಕೊಳೆತದ್ದನ್ನು ಟವಲಿನಲ್ಲಿ ಕಟ್ಟಿ ತಂದು ಇದೇ ಜಗಲಿ ಮೇಲೆ ಸುರಿದಿದ್ದಳು ದೈವಾನೈ. "ನೋಡಣ್ಣಾ. ನಮ್ಮನೇಲಿ ನನ್ನ ಏನಂತ ಅಂತಾರೆ ಗೊತ್ತಾ?"

ಚಿನ್ನತಂಬಿ ನೋಡಿದ. ಕೊನೆವರೆಗೂ ಹಾಯಿಸಿದ ನೀರೇ ಕೊಳೆಸಿದ್ದೆಂದು ಅವನಿಗೆ ಗೊತ್ತಾಗಿತ್ತು. ಅವನ ಕಿವಿ ಕೆಂಪಾದದ್ದು ಮಾರಿಯಮ್ಮಾಳ್‌ಗೆ ಕಂಡಿತ್ತು. ಆದರೂ ನಾಲ್ಕು ಜನರ ಮುಂದೆ ಅವನು ಹೇಳಿದ್ದು: "ನಿನ್ ಗೂಡಲ್ಲಿ ಗಾಳಿ ಆಡಲ್ಲ. ಉಳ್ಳಿ ಏನ್ ಮಾಡ್ತದೆ?"

ದೈವಾನೈ ಅತ್ತಿಗೆಯ ಮುಖ ನೋಡಿದಳು. ಮಾರಿಯಮ್ಮಾಳ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ಬಿಡಲಿಲ್ಲ.

ದೈವಾನೈ ಆಮೇಲೆ ಈ ಮನೆ ಮೆಟ್ಟಲಿಲ್ಲ. ಚಿನ್ನತಂಬಿ ಮರುವರ್ಷದಿಂದ ಯೂರಿಯಾ ಅರ್ಧಕ್ಕಿಳಿಸಿದ, ಕೀಳುವ ಮುಂಚೆ ಎರಡು ವಾರ ನೀರು ನಿಲ್ಲಿಸತೊಡಗಿದ. ಗೆಡ್ಡೆ ಸಣ್ಣದಾಯಿತು, ಮುದುಕನಿಗೆ ಬೇಸಾಯ ಮರೆತುಹೋಯಿತೆಂದು ಊರು ನಕ್ಕಿತು. ಅವನು ಯಾರಿಗೂ ಏನೂ ವಿವರಿಸಲಿಲ್ಲ. ಈ ಸಲ ನೀರು ನಿಲ್ಲಿಸಿದ ದಿನ ಮಾತ್ರ ಬದುವಿನ ಮೇಲೆ ಕೂತು, "ಇದು ದೈವಾನೈಗೆ. ನಾನೇ ತಕ್ಕೊಂಡ್ ಹೋಗ್ತೀನಿ, ಹೇಳಿ ಬರ್ತೀನಿ," ಎಂದಿದ್ದ. ಏನು ಹೇಳಿ ಬರುವುದೆಂದು ಅವಳು ಕೇಳಲಿಲ್ಲ.

*

ಎರಡು ಬಸ್ಸು ಬದಲಿಸಿ ದೈವಾನೈ ಬಂದಾಗ ಚಟ್ಟ ಸಿದ್ಧವಾಗಿತ್ತು. ಅಣ್ಣನ ಕಾಲ ಬಳಿ ನಿಂತಳು. ಎದೆ ಬಡಿದುಕೊಳ್ಳಲಿಲ್ಲ, ಹಾಡಿ ಅಳಲಿಲ್ಲ. ಹೆಂಗಸರು ಅವಳ ಒಣ ಕಣ್ಣನ್ನೇ ನೋಡಿದರು.

"ಕಾಲಿಗೇನತ್ತಿಗೆ ಕೆಸರು?" ಎಂದಳು.

ಮಾರಿಯಮ್ಮಾಳ್ ತನ್ನ ಪಾದ ನೋಡಿಕೊಂಡಳು. ಆಗ ಬಾಯಿಗೆ ಬಂದದ್ದು ಎಂಟು ವರ್ಷ ಒಳಗಿದ್ದ ಮಾತು.

"ನಿನ್ ಗೂಡಿನ ತಪ್ಪಲ್ಲಮ್ಮಾ. ಕೀಳೋ ಹಿಂದಿನ್ ದಿನದವರ್ಗೂ ನೀರು ಬಿಟ್ಟಿದ್ವಿ. ಅವ್ರು ಬಿಡು ಅಂದ್ರು, ಮಡಿ ಕಡಿದು ನೀರು ಬಿಟ್ಟೋಳು ನಾನು. ಇಬ್ರಿಗೂ ಗೊತ್ತಿತ್ತು."

ಸುತ್ತ ಎಲ್ಲರೂ ಕೇಳಿಸಿಕೊಂಡರು. "ಹೆಣದ ಮುಂದೆ ಇದೆಲ್ಲಾ ಬೇಕಾ?" ಎಂದು ಯಾರೋ ಗೊಣಗಿದರು. ಬೆಂಕಿಯ ಮಡಕೆ ಹಿಡಿದಿದ್ದ ಸತೀಶ್ ತಲೆ ತಗ್ಗಿಸಿದ.

"ಅಣ್ಣ ಹೇಳಿದ್ನಾ, ಇಲ್ಲ ನೀ ಹೇಳ್ತಿದ್ದೀಯಾ?" ಎಂದಳು ದೈವಾನೈ.

"ಹೇಳ್ಬೇಕು ಅಂತಿದ್ರು. ಆಗ್ಲಿಲ್ಲ. ಮನೆ ಹಿಂದೆ ಇರೋ ಉಳ್ಳಿ ಬೀಜಕ್ಕೆ ನಿನಗೇ ಅಂತ ಬಿಟ್ಟಿದ್ದು. ಇವತ್ತು ನಾಲ್ಕು ಸಾಲು ನೆನೆದು ಹೋತು."

ಚಟ್ಟ ಎತ್ತಿದರು. ಹೆಂಗಸರು ಬೀದಿಯ ಕೊನೆವರೆಗೆ ಹೋಗಿ ನಿಂತರು, ಸುಡುಗಾಡಿಗೆ ಹೋಗುವವರು ಗಂಡಸರು ಮಾತ್ರ. ಮಾರಿಯಮ್ಮಾಳ್ ತಿರುಗಿ ನೋಡಿದಾಗ ನಾದಿನಿ ಅಲ್ಲಿರಲಿಲ್ಲ.

ಹೊಲದಲ್ಲಿದ್ದಳು. ಬಸ್ಸಿಗೆ ಉಟ್ಟು ಬಂದ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಹಿಮ್ಮಡಿಯಿಂದ ಬದು ಒಡೆದು, ನಿಂತ ನೀರನ್ನು ದಾರಿಗೆ ಬಿಡುತ್ತಿದ್ದಳು. ನೆನೆದ ನಾಲ್ಕು ಸಾಲು ದಾಟಿ ಒಣ ಮಣ್ಣಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು. ಒಂದು ಗಿಡದ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಸುಕಿದಳು. ಬಟ್ಟೆಯ ಬತ್ತಿಯಂತೆ ಮೆತ್ತಗೆ, ತೆಳ್ಳಗೆ ಮಡಚಿಕೊಂಡಿತು. ಹಸಿ ಇರಲಿಲ್ಲ, ಕೊಳೆಯುವ ಗೆಡ್ಡೆಯಲ್ಲ. ಪಕ್ಕದ್ದನ್ನು ಹಿಸುಕಿದಳು. ಅದರ ಪಕ್ಕದ್ದನ್ನು. ಹಾಗೇ ಸರಿಯುತ್ತ, ಒಂದನ್ನೂ ಬಿಡದೆ, ಸಾಲಿನ ಅರ್ಧಕ್ಕೆ ಬಂದವಳು ಅಲ್ಲೇ ಮಣ್ಣಿಗೆ ಹಣೆ ಹಚ್ಚಿ, "ಅಣ್ಣಾ" ಎಂದು ಹಾಡಿ ಅಳತೊಡಗಿದಳು. ಕೈ ಮಾತ್ರ ಮುಂದಿನ ಗಿಡವನ್ನು ತಡಕುತ್ತಲೇ ಇತ್ತು.