ಐದನೇ ಪುಟದ ಶುಭಾ

ಅವ್ವನ ಫೋನಿನಿಂದ ನನ್ನ ತಂಗಿ ಶುಭಾ ಕಾಣೆಯಾದದ್ದು ನನ್ನ ಕೈಯಿಂದಲೇ. ಬೇಕೆಂದು ಮಾಡಿದ್ದಲ್ಲ. ನಮ್ಮ ಮಣಿಕೊಂಡದ ಅಪಾರ್ಟ್‌ಮೆಂಟಿನವರು, ಗೇಟಿನ ಆ್ಯಪ್ ಇಲ್ಲದ ಮನೆಗೆ ಹಾಲಿನವನನ್ನೂ ಬಿಡುವುದಿಲ್ಲ ಎಂದಿದ್ದರು. ಅವ್ವನದು ನಾನು ಬಳಸಿ ಬಿಟ್ಟ ಏಳು ವರ್ಷದ ಫೋನು. ಹೊಸ ಆ್ಯಪ್ ಹಾಕಲು ಹೋದರೆ ಜಾಗ ಇಲ್ಲ ಅಂದಿತು. ಗಚ್ಚಿಬೌಲಿಯ ಆಫೀಸಿನಲ್ಲಿ ದಿನವಿಡೀ ಮಂದಿಗೆ ಕ್ಯಾಬ್ ಹೊಂದಿಸಿ ಬಂದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಬಲೂನು ಒಡೆಯುವ ಆಟ, ಮೂರು ಪಂಚಾಂಗ, ಎರಡು ಟಾರ್ಚು, ಯಾರೋ ಹಾಕಿಕೊಟ್ಟ ರಂಗೋಲಿ, ಎಲ್ಲ ಕಿತ್ತು ಹಾಕಿದೆ. ಫೋನಿನ ಪರದೆಯಲ್ಲಿ ಐದು ಪುಟ ಹರಡಿಕೊಂಡಿದ್ದದ್ದು ಒಂದೇ ಪುಟಕ್ಕೆ ಬಂತು. ಗೇಟಿನ ಆ್ಯಪ್ ಕೂತಿತು.

ಮರುದಿನ ಸಂಜೆ ಬೂಟು ಬಿಚ್ಚುವುದರೊಳಗೆ ಅವ್ವ ಎದುರಿಗೆ ಬಂದು ನಿಂತಳು.

“ಮಹೇಶಾ, ಫೋಟೋ ಸರಿಯವಲ್ದು ನೋಡಪ್ಪ.”

ಅಪ್ಪ ರಿಟೈರ್ ಆದ ದಿನ ಫೋನು ಅಡ್ಡ ಹಿಡಿದು ತೆಗೆದ ಮನೆಮಂದಿಯ ಫೋಟೋವನ್ನು ಅವ್ವ ವಾಲ್‌ಪೇಪರ್ ಮಾಡಿಸಿಕೊಂಡಿದ್ದಳು. ಹಾರ ಹಾಕಿಕೊಂಡ ಅಪ್ಪ, ಪಕ್ಕದಲ್ಲಿ ಅವ್ವ. ಚೆನ್ನಾಗಿಯೇ ಕಾಣುತ್ತಿತ್ತು.

“ಸರೀನ ಐತಲ್ಲವಾ.”

“ಸರಿಯವಲ್ದು ಅಂದ್ನೆಪ್ಪ.”

ಮೂರು ದಿನ ಇದೇ ಗೋಳು. ಬೆಳಕು ಹೆಚ್ಚಿಸಿದೆ, ಫೋನು ಆಫ್ ಮಾಡಿ ಆನ್ ಮಾಡಿದೆ, ಅದೇ ಫೋಟೋ ತೆಗೆದು ಮತ್ತೆ ಹಾಕಿದೆ. ಪ್ರತಿ ಸಲವೂ ಅವ್ವ ಗಾಜಿನ ಮೇಲೆ ಒಮ್ಮೆ ಬೆರಳು ಎಳೆದು ಫೋನು ವಾಪಸ್ ಕೊಡುತ್ತಿದ್ದಳು. ಟೀವಿ ಮುಂದೆ ಕೂತ ಅಪ್ಪನ ಕಡೆ ನೋಡಿ ಅಡುಗೆಮನೆಗೆ ಹೋಗುತ್ತಿದ್ದಳು.

ನಾಲ್ಕನೇ ದಿನ ನನ್ನ ತಲೆ ಕೆಟ್ಟಿತು. “ಇಡೀ ಫೋಟೋನ ಕಾಣಂಗ ಮಾಡ್ತೀನಿ, ಇನ್ನ ನನ್ನ ಬಿಟ್ಟುಬಿಡು,” ಎಂದು ಫೋಟೋವನ್ನು ಕುಗ್ಗಿಸಿದೆ. ಅಪ್ಪ, ಅವ್ವ, ನಾನು ಸಣ್ಣಗಾದೆವು. ಬಲಗಡೆಯ ತುದಿಯಲ್ಲಿ ಹಳದಿ ಸೀರೆಯುಟ್ಟು ನಗುವ ಶುಭಾ ಬಂದಳು.

ಅವ್ವ ಫಕ್ಕನೆ ಅಂಗೈಯಿಂದ ಗಾಜು ಮುಚ್ಚಿದಳು.

“ಏನದು?” ಅಪ್ಪ ಕೇಳಿದ.

“ಏನಿಲ್ರಿ, ಗೇಟಿಂದು,” ಎಂದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ನಾಲ್ಕು ವರ್ಷದ ಹಿಂದೆ ಶುಭಾ ಜೀಡಿಮೆಟ್ಲಾದ ಔಷಧದ ಕಾರ್ಖಾನೆಯಲ್ಲಿ ದುಡಿಯುವ, ಬೇರೆ ಜಾತಿಯ ತೆಲುಗು ಹುಡುಗನನ್ನು ಮದುವೆಯಾದಳು. ಅಂದೇ ಅಪ್ಪ, ಅವಳ ಫೋಟೋ ಈ ಮನೆಯಲ್ಲಿ ಕಾಣಬಾರದು ಎಂದ. ಸ್ಟೂಲು ಹತ್ತಿ ಗೋಡೆಯಿಂದ ಎಲ್ಲ ಇಳಿಸಿದವನು ನಾನೇ.

“ಮುಂದ ಬ್ಯಾಡಪ್ಪ, ನಿಮ್ಮಪ್ಪ ನೋಡ್ತಾರ,” ಅವ್ವ ಪಿಸುಗುಟ್ಟಿದಳು. “ಅಕಿ ಕಡೀಕ ಇದ್ಲು. ನಾಕು ಸಲ ಸರಿಸಿದ್ರ ಬರ್ತಿದ್ಲು. ಈಗ ಸರಿಯವಲ್ದು.”

ಸರಿ ಇಲ್ಲ ಎಂದಲ್ಲ, ಜರುಗುತ್ತಿಲ್ಲ ಎಂದು ಅವಳು ಮೂರು ದಿನದಿಂದ ಹೇಳುತ್ತಿದ್ದಳು. ದಿನವಿಡೀ ತೆಲುಗು, ಹಿಂದಿಯಲ್ಲಿ ಬಡಿದಾಡಿ ಬಂದ ನನ್ನ ಕಿವಿಗೆ ಹೆತ್ತವ್ವನ ಮಾತು ಹೋಗಿರಲಿಲ್ಲ. ಆ ಹಳೇ ಫೋನಿನಲ್ಲಿ ಆ್ಯಪ್‌ಗಳ ಪುಟ ಸರಿಸಿದಂತೆ ಹಿಂದಿನ ಫೋಟೋ ಕೂಡ ಸರಿಯುತ್ತದೆ. ಪುಟಗಳು ಹೋದವು, ಕೊನೆಯ ಪುಟದಲ್ಲಿದ್ದ ಮಗಳೂ ಹೋದಳು. ನನಗೆ ನನ್ನ ಮೇಲೇ ಸಿಟ್ಟು ಬಂತು.

“ಫೋನ್ ಹಚ್ಚಿ ಕೊಡ್ಲೇನವಾ? ಮಾತಾಡು ಅಕಿ ಜೋಡಿ.”

“ನೀ ಮಾತಾಡೀಯೇನು?”

ನಾಲ್ಕು ವರ್ಷದಲ್ಲಿ ನಾನೂ ಒಂದು ಸಲವೂ ಮಾತಾಡಿರಲಿಲ್ಲ. ನೆಲದ ಮೇಲೆ ಕೂತು ಫೋಟೋವನ್ನು ಮೊದಲಿನ ಅಳತೆಗೆ ತಂದೆ. ಉಳಿದಿದ್ದ ಆ್ಯಪ್‌ಗಳನ್ನೇ ಹಿಡಿದೆಳೆದು, ಪುಟಕ್ಕೊಂದರಂತೆ ಐದು ಪುಟಕ್ಕೆ ಹಂಚಿದೆ.

ಅವ್ವ ಬೆರಳು ಒರೆಸಿಕೊಂಡು ಸರಿಸಿದಳು. ನಾಲ್ಕನೇ ಸಲಕ್ಕೆ ಶುಭಾ ಬಂದಳು, ಅವ್ವನ ಬೆರಳು ನಿಂತಿತು. ಅವ್ವನ ಮುಖ ನೋಡಲು ನನ್ನಿಂದ ಆಗಲಿಲ್ಲ.

“ಭಾಳ ಚೊಲೋ ಮಾಡಿದಿ ನೋಡಪ್ಪ,” ಅಂದಳು.

ನಾನು ಮಾಡಿದ್ದು ಇಷ್ಟೇ: ತಂಗಿಯನ್ನು ಅಪ್ಪನ ಕಣ್ಣಿಗೆ ಬೀಳದ ಜಾಗಕ್ಕೆ ಮತ್ತೊಂದು ಸಲ ಕಳಿಸಿದೆ.